ಪೈಲಟ್ ‘ಬ್ಯಾಡ’ ಅಂದಮ್ಯಾಲ ಶಾಟ್ ಇಲ್ಲ

ಯಾದಗಿರಿ ಜಿಲ್ಲೆಯ ಅಬ್ಬೆತುಮಕೂರಿನಲ್ಲಿ, ವಿಶ್ವಾರಾಧ್ಯರ ಮಠದ ಹತ್ತಿರ ಕೂತು ಆಡಿದ ಮಾತುಗಳಿವು. ಕಿರಿಯ, ಮದುವೆ–ಜಾತ್ರೆಗಳ ವಿಡಿಯೊ ತೆಗೆಯುವವನು. ಹಿರಿಯ, ಬೀದರ್ ವಾಯುನೆಲೆಯಲ್ಲಿ ವಿಮಾನಗಳ ದುರಸ್ತಿ ಕೆಲಸ ಮಾಡಿ, ನಿವೃತ್ತನಾಗಿ ಊರಿಗೆ ಮರಳಿದವನು.

ಕಿರಿಯ: ಕಾಕಾ, ನಮ್ಮ ಜಿಲ್ಲಾದ ಮ್ಯಾಲ ಒಂದು ಸಾಕ್ಷ್ಯಚಿತ್ರ ಮಾಡ್ಲತ್ತೀನ್ರಿ. ಇಲ್ಲಿಯ ಮಠ, ಭೀಮಾ ನದಿ, ಯಾದಗಿರಿ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರ, ನಾರಾಯಣಪುರದ ಬಸವಸಾಗರ, ಎಲ್ಲಾ ಮ್ಯಾಲಿಂದ ತೋರಸ್ಬೇಕು ಅಂತ ಮನಸಿನ್ಯಾಗ ಅದ. ದೋಸ್ತ ಒಬ್ಬ ದೂರದ ಊರಾಗ ಪೈಲಟ್ ತರಬೇತಿ ಪಡಿಲತ್ತಾನ. ‘ಒಬ್ಬನೇ ಹಾರೋ ದಿನ ಬಾ, ಬಾಜು ಸೀಟಿನ್ಯಾಗ ಕೂಡು, ಯಾರಿಗೂ ಗೊತ್ತಾಗಲ್ಲ’ ಅಂದಾನ.

ಹಿರಿಯ: ಆ ಮಾತು ಇಲ್ಲಿಗೇ ಬಿಡು ತಮ್ಮ. ಕಲಿಯೋ ಹುಡುಗನ ಕೈಯಾಗ ಇರೋದು ವಿದ್ಯಾರ್ಥಿ ಪೈಲಟ್ ಲೈಸೆನ್ಸು. ಆ ಲೈಸೆನ್ಸಿನ ಮ್ಯಾಲ ಬ್ಯಾರೆ ಒಬ್ಬರನ್ನ ಕೂಡಿಸ್ಕೊಂಡು ಹಾರೋ ಹಂಗಿಲ್ಲ. ಅಂವ ಇನ್ನಾ ತನ್ನ ಕೈ ತಾನೇ ನಂಬೋದು ಕಲಿಲತ್ತಾನ. ಅಂಥ ಹೊತ್ತಿನ್ಯಾಗ ನೀ ಬಾಜು ಕೂತು ‘ಇನ್ನೊಂದು ಸುತ್ತು, ಇನ್ನಷ್ಟು ಕೆಳಗ’ ಅಂದ್ರ, ಅವನ ತಲಿ ಎರಡು ಕಡಿ ಓಡ್ತದ. ನಾಳೆ ಸಿಕ್ಕಿಬಿದ್ರ ಅವನ ಲೈಸೆನ್ಸ್ ಹೋಗ್ತದ, ಅವರ ಅಪ್ಪ ಸಾಲ ಮಾಡಿ ಕಟ್ಟಿದ ರೊಕ್ಕ ಹೋಗ್ತದ. ಸಿಕ್ಕಿಬೀಳದಿದ್ರ ಅದಕ್ಕಿಂತ ದೊಡ್ಡದು ಹೋಗಬಹುದು.

ಕಿರಿಯ: ಹಂಗಾದ್ರ ಲೈಸೆನ್ಸ್ ಪೂರ್ತಿ ಆದಂಥ ಒಬ್ಬರಿಗೆ ಪೆಟ್ರೋಲ್ ಖರ್ಚು, ಮ್ಯಾಲಷ್ಟು ರೊಕ್ಕ ಕೊಟ್ರ ನಡಿತದ?

ಹಿರಿಯ: ಖಾಸಗಿ ಲೈಸೆನ್ಸ್ ಇದ್ದಾಂವ ತನ್ನ ಸಂತೋಷಕ್ಕ ಹಾರಬಹುದು, ಬಾಡಿಗಿಗೆ ಹಾರೋ ಹಂಗಿಲ್ಲ. ರೊಕ್ಕ ತಗೊಂಡು ಹಾರಸ್ಲಿಕ್ಕೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕು, ಹಾರಸೋ ಕಂಪನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದ್ರ ಡಿಜಿಸಿಎ ಪರವಾನಗಿ ಬೇಕು. ಇದು ಕಾಗದದ ಕಾಟ ಅಂತ ಅನಸ್ತದ. ಆದ್ರ ಆ ಪರವಾನಗಿ ಹಿಂದ ಎಂಜಿನ್ ಯಾವಾಗ ಬಿಚ್ಚಿ ನೋಡ್ಯಾರ, ಪೈಲಟ್ ಎಷ್ಟು ತಾಸು ಹಾರ್ಯಾನ, ವಿಮೆ ಅದ ಇಲ್ಲ ಅನ್ನೋ ಲೆಕ್ಕ ಇರ್ತದ. ನೀ ಕೊಡೋ ಬಾಡಿಗಿ ಆ ಲೆಕ್ಕಕ್ಕ.

ಕಿರಿಯ: ಆತ್ರಿ. ಪರವಾನಗಿ ಇದ್ದ ಕಂಪನಿಯಿಂದಾನೇ ಸಣ್ಣ ವಿಮಾನ ತಗೊಂಡೆ ಅನ್ರಿ. ಒಳಗ ಕೂತು ಕ್ಯಾಮೆರಾ ಚಾಲೂ ಮಾಡ್ಲಕ್ಕ ಇನ್ನೇನು ಅಡ್ಡಿ?

ಹಿರಿಯ: 1937ರ ವಿಮಾನ ನಿಯಮಗಳಾಗ 13ನೇ ನಿಯಮ ಅಂತ ಅದ. ಹಾರೋ ವಿಮಾನದಿಂದ, ಸರ್ಕಾರಿ ವಿಮಾನ ನಿಲ್ದಾಣದಾಗ, ಲಿಖಿತ ಅನುಮತಿ ಇಲ್ಲದ ಫೋಟೊ ತೆಗಿಬಾರದು ಅಂತ ಅದು ಹೇಳ್ತದ. ಪ್ರಯಾಣಿಕ ವಿಮಾನದಾಗ ಕೂತಾಂವ ಕಿಟಕಿಯಾಗಿಂದ ಮೋಡದ ಫೋಟೊ ತಗೊಳ್ಳಿಕ್ಕೆ 2004ರಾಗ ಸುತ್ತೋಲೆ ಹೊರಡಿಸಿ ಸಡಿಲ ಕೊಟ್ರು. ಆದ್ರ ಸುರಕ್ಷತಾಕ್ಕ ಅಡ್ಡಿ ಆಗೋ ಹಂಗ, ಗದ್ದಲ ಆಗೋ ಹಂಗ ತೆಗಿಬಾರದು. 2020ರ ಸೆಪ್ಟೆಂಬರ್‌ನ್ಯಾಗ ಚಂಡೀಗಡದಿಂದ ಮುಂಬೈಗೆ ಹೊಂಟ ವಿಮಾನದಾಗ ನಟಿ ಕಂಗನಾ ರನೌತ್ ಸುತ್ತ ಟಿವಿಯವರು ಎದ್ದು ನಿಂತು ಮುಗಿಬಿದ್ರಲ್ಲ, ಆಮ್ಯಾಲ ಡಿಜಿಸಿಎ ಬಿಗಿ ಮಾಡ್ತು. ನಿಯಮ ಮುರಿದ ವಿಮಾನದ ಆ ಮಾರ್ಗದ ಹಾರಾಟ ಎರಡು ವಾರ ಬಂದ್ ಅಂತು.

ಕಿರಿಯ: ಅದು ದೊಡ್ಡ ವಿಮಾನದ ಮಾತಾತು.

ಹಿರಿಯ: ನಿನ್ನದು ಅದಕ್ಕಿಂತ ಒಂದು ಹೆಜ್ಜಿ ಮುಂದ. ನೀ ಹಾರೋದೇ ಚಿತ್ರೀಕರಣಕ್ಕ. ಅದಕ್ಕ ಡಿಜಿಸಿಎಗೆ ಮೊದಲೇ ಅರ್ಜಿ ಹಾಕ್ಬೇಕು, ರಕ್ಷಣಾ ಇಲಾಖೆ ಒಪ್ಪಿಗಿ ಬೇಕಾಗ್ತದ. ಇನ್ನ ಬಸವಸಾಗರ ಅಂದಿ. ಅಣೆಕಟ್ಟು ಅಂದ್ರ ಕಾವಲಿರೋ ಜಾಗ, ಅದರ ಚಿತ್ರಕ್ಕ ಬ್ಯಾರೆ ಅನುಮತಿ ಕೇಳು. ಮತ್ತ ಬೀದರ್ ಕಡಿ ಹೋಗೋದಿದ್ರ ನೆನಪಿಡು, ಅದು ಸೇನಾ ನೆಲೆ. 2020ರ ಫೆಬ್ರುವರಿಯಿಂದ ಅಲ್ಲಿ ಪ್ರಯಾಣಿಕರ ವಿಮಾನ ಶುರು ಆದ್ರೂ ರನ್‌ವೇ ವಾಯುಪಡೆದು. 2025ರ ಮೇ ತಿಂಗಳಾಗ ಇಂಥ ನೆಲೆಗಳಿಗೆ, ಅದರಾಗೂ ಪಶ್ಚಿಮ ಗಡಿ ಬಲ್ಲಿ ಇರೋವುಕ್ಕ ಅಂತ, ಆದೇಶ ಬಂತು: ಏರುವಾಗ, ಇಳಿಯುವಾಗ 10,000 ಅಡಿ ತನಕ ಕಿಟಕಿ ಪರದಿ ಮುಚ್ಚಬೇಕು, ಫೋಟೊ–ವಿಡಿಯೊ ಬ್ಯಾಡ. ಕಲಬುರಗಿ ನಿಲ್ದಾಣ ನಾಗರಿಕರದು, 2019ರ ನವೆಂಬರ್ 22ಕ್ಕ ಶುರು ಆಗ್ಯಾದ. ಅಲ್ಲಿಂದ ಏರೋದಾದ್ರೂ ನಿಲ್ದಾಣದವರನ್ನ ಕೇಳದ ರನ್‌ವೇ ಬಲ್ಲಿ ಕ್ಯಾಮೆರಾ ಬಿಚ್ಚಬ್ಯಾಡ.

ಕಿರಿಯ: ಇಷ್ಟೆಲ್ಲಾ ಯಾಕ ಅಂತ ಡ್ರೋನ್ ತಗೊಂಡ್ರ?

ಹಿರಿಯ: ಮೊದಲು ಕೇಳ್ಬೇಕಾದ ಪ್ರಶ್ನೆ ಅದೇ. ಮಠದ ಗೋಪುರ, ತೇರಿನ ಬೀದಿ, ಕೋಟೆ ಬಾಗಿಲು ಇವಕ್ಕ ಡ್ರೋನ್ ಸಾಕು. 2021ರ ಡ್ರೋನ್ ನಿಯಮಗಳಾಗ ಹಸಿರು ವಲಯದಾಗ 400 ಅಡಿ, ಅಂದ್ರ 120 ಮೀಟರ್ ತನಕ ಅವಕಾಶ ಅದ. ಹಾರಸೋ ಮುಂಚೆ ನಿನ್ನ ಜಾಗ ಯಾವ ವಲಯದಾಗ ಬರ್ತದ ಅಂತ ಡಿಜಿಟಲ್ ಸ್ಕೈ ನಕ್ಷಾದಾಗ ನೋಡು. ಜಾತ್ರಿ ಜನರ ತಲಿ ಮ್ಯಾಲ ಹಾರಸಬ್ಯಾಡ. ಡ್ರೋನಿಗೆ ಸಿಗದಂಥ ದೃಶ್ಯ, ಬೆಟ್ಟದ ಸಾಲು ಪೂರ್ತಿ, ಭೀಮಾ ಕೃಷ್ಣಾ ಕೂಡೋ ತನಕದ ಹರಿವು, ಇಂಥವಷ್ಟೇ ವಿಮಾನಕ್ಕ ಉಳಿಸು. ಶಾಟ್ ಕಮ್ಮಿ ಆದ್ರ ಸುತ್ತು ಕಮ್ಮಿ, ಅಪಾಯನೂ ಕಮ್ಮಿ.

ಕಿರಿಯ: ಸರಿ, ಐದಾರು ಶಾಟ್ ಉಳಿದ್ವು ಅನ್ರಿ. ಹಾರೋ ದಿನ ನಾ ಏನು ಮಾಡ್ಬೇಕು?

ಹಿರಿಯ: ಹಾರೋ ಹಿಂದಿನ ದಿನ ನೆಲದ ಮ್ಯಾಲ ಕೂತು ಪೈಲಟ್ ಸಂಗಟ ನಕ್ಷಾ ಬಿಚ್ಚು. ಪ್ರತಿ ಶಾಟಿಗೂ ಯಾವ ಕಡಿಯಿಂದ, ಯಾವ ಎತ್ತರದಾಗ, ಎಷ್ಟು ಹೊತ್ತಿಗೆ ಅಂತ ಬರಿ. ನಿನ್ನ ತೂಕ, ಕ್ಯಾಮೆರಾ ಬ್ಯಾಗಿನ ತೂಕ ಖರೆ ಹೇಳು. ಸೆಸ್ನಾ 172 ಅಂತ ನಾಕು ಸೀಟಿನ ವಿಮಾನ ಅದ. ಅದರ ‘ಎಸ್’ ಮಾದರಿ ಏರುವಾಗ ಒಟ್ಟು ತೂಕ 1,157 ಕಿಲೊ ದಾಟಬಾರದು. ಟ್ಯಾಂಕ್ ತುಂಬಿಸಿದ್ರ ನಾಕು ಸೀಟಿನ್ಯಾಗ ದಪ್ಪನೆ ನಾಕು ಮಂದಿ ಕೂಡೋದು ಆಗಲ್ಲ. ನೀ ‘ಬ್ಯಾಗ್ ಹಗುರ ಅದ’ ಅಂತ ಅಂದಾಜಿಗೆ ಅಂದ್ರ ಪೈಲಟ್ ಹಾಕಿದ ಲೆಕ್ಕ ಸುಳ್ಳಾಗ್ತದ.

ಕಿರಿಯ: ನಾವು ಏಪ್ರಿಲ್‌ನ್ಯಾಗ ಮಾಡ್ಬೇಕಂತ ಇದ್ದೀವಿ. ಮಧ್ಯಾಹ್ನ ಬೆಳಕು ಚಲೋ ಇರ್ತದ, ಮೋಡ ಇರಲ್ಲ.

ಹಿರಿಯ: ಬ್ಯಾಡ. ನಮ್ಮ ಕಡಿ ನೆಲ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರ. 40 ಡಿಗ್ರಿ ಬಿಸಿಲಾಗ ಗಾಳಿ ತೆಳ್ಳಗಾಗಿ, ಆ ವಿಮಾನ 1,400 ಮೀಟರ್ ಎತ್ತರದಾಗ ಇದ್ದಂಗ ವರ್ತಸ್ತದ. ಎಂಜಿನ್ ಬಲ ಕಮ್ಮಿ, ರೆಕ್ಕಿಗೆ ಎತ್ತೋ ಶಕ್ತಿ ಕಮ್ಮಿ, ರನ್‌ವೇ ಜಾಸ್ತಿ ಬೇಕು. ಮ್ಯಾಲ ಯಾದಗಿರಿಯ ಬಂಡೆಗಲ್ಲು ಕಾದು ಬಿಸಿಗಾಳಿ ಏಳ್ತದ, ಸಣ್ಣ ವಿಮಾನ ಕುಣಿತದ. ನಿನ್ನ ಶಾಟ್ ಅಲ್ಲಾಡ್ತದ, ನಿನಗೂ ಓಕರಿಕಿ ಬರ್ತದ. ಸೂರ್ಯ ಹುಟ್ಟಿದ ಒಂದೆರಡು ತಾಸಿನೊಳಗ ಹಾರು. ಗಾಳಿ ತಣ್ಣಗ, ನೆರಳು ಉದ್ದ, ಬೆಟ್ಟದ ಆಕಾರ ಎದ್ದು ಕಾಣ್ತದ. ಇಲ್ಲಿ ಸುರಕ್ಷತಾ ಮತ್ತ ಚಲೋ ಚಿತ್ರ ಎರಡೂ ಒಂದೇ ಕಡಿ ಅವ.

ಕಿರಿಯ: ಇದು ನನಗ ಹೊಳೆದೇ ಇರ್ಲಿಲ್ಲ. ಸಾಮಾನಿನ ಬಗ್ಗೆ ಹೇಳ್ರಿ.

ಹಿರಿಯ: ನಮ್ಮ ಹ್ಯಾಂಗರಿನ್ಯಾಗ ಒಂದು ಹಲಗಿ ಇರ್ತಿತ್ತು. ಒಂದೊಂದು ಪಾನಾ, ಒಂದೊಂದು ಸ್ಕ್ರೂಡ್ರೈವರ್ ಆಕಾರ ಅದರ ಮ್ಯಾಲ ಬಣ್ಣದಿಂದ ಬರ್ದಿರ್ತಿದ್ರು. ಕೆಲಸ ಮುಗಿದ ಮ್ಯಾಲ ಎಲ್ಲಾ ಸಾಮಾನು ತನ್ನ ತನ್ನ ಆಕಾರದ ಮ್ಯಾಲ ಕೂಡಬೇಕು. ಒಂದು ಜಾಗ ಖಾಲಿ ಕಂಡ್ರ, ಆ ಸಾಮಾನು ಸಿಗೋ ತನಕ ವಿಮಾನ ಹೊರಗ ಬಿಡ್ತಿರಲಿಲ್ಲ. ಸಣ್ಣ ಸ್ಕ್ರೂಡ್ರೈವರ್ ಒಂದು ಕಂಟ್ರೋಲ್ ಕೇಬಲ್ ನಡುವ ಸಿಕ್ಕೊಂಡ್ರ ರೆಕ್ಕೆ ಪಟ್ಟಿ ಅಲ್ಲಾಡಂಗಿಲ್ಲ. ನಿನ್ನ ಲೆನ್ಸ್ ಮುಚ್ಚಳ, ಮೆಮೊರಿ ಕಾರ್ಡಿನ ಡಬ್ಬಿ, ಟ್ರೈಪಾಡ್ ಬೋಲ್ಟ್ ಅಂಥವೇ. ಮುಂದಿನ ಎರಡೂ ಸೀಟಿನ ಕಾಲ ಬಲ್ಲಿ ಪೆಡಲ್ ಇರ್ತಾವ. ಮುಚ್ಚಳ ಉರುಳಿ ಅದರ ಕೆಳಗ ಹೋದ್ರ ಮುಗಿತು.

ಕಿರಿಯ: ಅಷ್ಟು ಸಣ್ಣ ಸಾಮಾನಿನಿಂದ ಖರೇನೇ ಏನರ ಆಗ್ಯಾದ?

ಹಿರಿಯ: 2014ರ ಫೆಬ್ರುವರಿ 9ಕ್ಕ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನ 198 ಮಂದಿನ್ನ ಹೊತ್ತು ಅಫ್ಗಾನಿಸ್ತಾನಕ್ಕ ಹೊಂಟಿತ್ತು. ಕಪ್ಪು ಸಮುದ್ರದ ಮ್ಯಾಲ ಏಕಾಏಕಿ ಮೂತಿ ಕೆಳಗ ಮಾಡಿ 27 ಸೆಕೆಂಡಿನ್ಯಾಗ 4,400 ಅಡಿ ಇಳಿದುಬಿಡ್ತು. ಸುಮಾರು ಮಂದಿಗೆ ಪೆಟ್ಟಾತು. ತನಿಖಾದಾಗ ಗೊತ್ತಾಗಿದ್ದು, ಕ್ಯಾಪ್ಟನ್ನನ ಸ್ವಂತ ಕ್ಯಾಮೆರಾ ಸೀಟಿನ ತೋಳು ಮತ್ತ ವಿಮಾನ ನಡಸೋ ಸ್ಟಿಕ್ ನಡುವ ಕೂತಿತ್ತು. ಸೀಟು ಮುಂದ ಸರಿಸಿದಾಗ ಕ್ಯಾಮೆರಾ ಸ್ಟಿಕ್ಕನ್ನ ಮುಂದ ಒತ್ತಿಬಿಡ್ತು. ಅದು ಏರ್‌ಬಸ್ಸು, ಎತ್ತರದಾಗ ಇತ್ತು, ಸಾವರಿಸಿಕೊಂಡ್ತು. ನೀ ಹಾರೋ ಎತ್ತರದಾಗ 4,400 ಅಡಿ ಇರೋದೇ ಇಲ್ಲ.

ಕಿರಿಯ: ಮೈ ಝುಂ ಅಂತು ಕಾಕಾ.

ಹಿರಿಯ: ಹೆದರಬ್ಯಾಡ, ಎಣಿಸು. ಏರೋ ಮುಂಚೆ ಪ್ರತಿ ಸಾಮಾನು ಪಟ್ಟಿ ಮಾಡು, ಇಳಿದ ಮ್ಯಾಲ ಹೊಳ್ಳಿ ಎಣಿಸು. ಬ್ಯಾಡಾದ್ದು ನೆಲದ ಮ್ಯಾಲೇ ಬಿಡು. ಕ್ಯಾಮೆರಾಕ್ಕ ಗಟ್ಟಿ ಪಟ್ಟಿ ಇರ್ಲಿ, ಆದ್ರ ಅದು ನಿನ್ನ ಕುತ್ತಿಗಿಗೆ ಸುತ್ತಿರಬಾರದು. ಮುಂದಿನ ಸೀಟು ಬಿಟ್ಟು ಹಿಂದಿನ ಸೀಟಿನ್ಯಾಗ ಕೂಡು. ರೆಕ್ಕೆಗೆ, ಚಕ್ರದ ಕಾಲಿಗೆ ಹೊರಗಡೆ ಕ್ಯಾಮೆರಾ ಅಂಟಸೋದು ವಿಮಾನದ ರಚನಾ ಬದಲಿಸಿದಂಗ, ಮಂಜೂರಾತಿ ಇಲ್ಲದ ಬ್ಯಾಡ. ದಿಕ್ಸೂಚಿ ಬಲ್ಲಿ ಅಯಸ್ಕಾಂತ ಇರೋ ಮೈಕು, ಮೌಂಟು ಇಡಬ್ಯಾಡ, ಮುಳ್ಳು ತಪ್ಪು ದಿಕ್ಕು ತೋರಸ್ತದ. ಹೆಚ್ಚಿಗಿ ಬ್ಯಾಟರಿಯ ತುದಿಗೆ ಟೇಪ್ ಹಚ್ಚಿ ಕೈಯಳತೆಯಾಗ ಇಟ್ಕೋ. ಪ್ರಯಾಣಿಕ ವಿಮಾನದಾಗ 100 ವ್ಯಾಟ್-ಅವರ್ ದಾಟಿದ ಬ್ಯಾಟರಿಗೆ ಅನುಮತಿ ಕೇಳ್ಬೇಕು. ಇಲ್ಲೂ ಅದೇ ಮಿತಿ ಹಿಡಿ. ಸಣ್ಣ ಕ್ಯಾಬಿನ್ನಿನ್ಯಾಗ ಲಿಥಿಯಂ ಬ್ಯಾಟರಿ ಹೊತ್ಕೊಂಡ್ರ ಓಡ್ಲಕ್ಕ ಜಾಗ ಇಲ್ಲ.

ಕಿರಿಯ: ಗಾಜಿನ್ಯಾಗಿಂದ ತೆಗೆದ್ರ ಪ್ರತಿಬಿಂಬ ಬೀಳ್ತದ್ರಿ. ಬಾಗಿಲು ತೆಗೆದು ಹಾರಿದ್ರ ಚಿತ್ರ ಸ್ವಚ್ಛ ಬರ್ತದ.

ಹಿರಿಯ: ಕರಿ ಅಂಗಿ ಹಾಕ್ಕೋ, ಪ್ರತಿಬಿಂಬ ಅರ್ಧ ಹೋಗ್ತದ. ಲೆನ್ಸ್ ಗಾಜಿನ ಬಲ್ಲಿ ಇರ್ಲಿ, ತಾಗಬಾರದು, ತಾಗಿದ್ರ ಎಂಜಿನ್ ನಡುಕ ಚಿತ್ರದಾಗ ಇಳಿತದ. ಬಾಗಿಲು ಬಿಚ್ಚಿ ಹಾರೋದು ಆ ವಿಮಾನಕ್ಕ ಮಂಜೂರಾತಿ ಇದ್ರ, ಆ ಕೆಲಸ ಬಲ್ಲ ಕಂಪನಿ ಇದ್ರ ಮಾತ್ರ. ಯಾಕಂದ್ರ ಬಾಗಿಲು ಬಿಚ್ಚಿದ ಕೂಡಲೇ ನಿನ್ನನ್ನ ಪಟ್ಟಿಯಿಂದ ಬಿಗಿಬೇಕಾಗ್ತದ. 2018ರ ಮಾರ್ಚ್ 11ಕ್ಕ ನ್ಯೂಯಾರ್ಕಿನ ಈಸ್ಟ್ ರಿವರ್‌ನ್ಯಾಗ ಆದದ್ದು ಅದೇ. ಬಾಗಿಲು ತೆಗೆದ ಹೆಲಿಕಾಪ್ಟರಿನ್ಯಾಗ ಐದು ಮಂದಿ ಫೋಟೊ ತೆಗಿಲಕ್ಕ ಹೋಗಿದ್ರು. ಬೀಳಬಾರದಂತ ಬೆನ್ನಿಗೆ ಹೆಚ್ಚಿನ ಪಟ್ಟಿ ಬಿಗಿದಿದ್ರು. ಒಬ್ಬರ ಪಟ್ಟಿ ನೆಲದ ಮ್ಯಾಲಿನ ಇಂಧನ ಬಂದ್ ಮಾಡೋ ಹಿಡಿಕಿಗೆ ಸಿಕ್ಕಿ ಎಂಜಿನ್ ನಿಂತುಬಿಡ್ತು. ಪೈಲಟ್ ನೀರಿನ ಮ್ಯಾಲ ಇಳಿಸಿದ, ಆದ್ರ ಹೆಲಿಕಾಪ್ಟರ್ ಮಗುಚಿತು. ಮಾಮೂಲಿ ಬೆಲ್ಟ್ ಹಾಕ್ಕೊಂಡಿದ್ದ ಪೈಲಟ್ ಹೊರಗ ಬಂದ. ಬೆನ್ನಿನ ಪಟ್ಟಿ ಬಿಚ್ಚಕೊಳ್ಳಿಕ್ಕೆ ಆಗದ ಐದೂ ಮಂದಿ ನೀರಾಗ ಉಳಿದ್ರು.

ಕಿರಿಯ: ಉಳಸ್ಲಕ್ಕ ಕಟ್ಟಿದ ಪಟ್ಟಿನೇ ಕೊಂದಂಗಾತಲ್ರಿ.

ಹಿರಿಯ: ಹೌದು. ಅದಕ್ಕ ನಿನಗ ಎರಡು ಪ್ರಶ್ನೆ ಹೇಳ್ತೀನಿ. ಏನೇ ಕಟ್ಟು, ಏನೇ ಬಿಗಿ, ಮೊದಲು ಕೇಳು: ಇದು ಪೈಲಟ್‌ನ ಕೈ ಕಾಲಿಗೆ ಅಡ್ಡ ಬರ್ತದೇನು? ಕಣ್ಣು ಮುಚ್ಕೊಂಡು, ತಲಿಕೆಳಗಾಗಿ, ಒಂದೇ ಕೈಯಿಂದ ನಾ ಇದನ್ನ ಬಿಚ್ಚಕೊಂಡು ಹೊರಗ ಬರಬಲ್ಲೆನು? ಎರಡಕ್ಕೂ ಸರಿ ಉತ್ತರ ಸಿಗದಿದ್ರ ಆ ಸಾಮಾನು ನೆಲದ ಮ್ಯಾಲ.

ಕಿರಿಯ: ಪೈಲಟ್‌ನ ಕೈಯಾಗ ಸಣ್ಣ ಕ್ಯಾಮೆರಾ ಕೊಟ್ರ? ತನ್ನ ಮುಖ ತಾನೇ ಒಂದೆರಡು ಸೆಕೆಂಡ್ ತಗೊಂಡ್ರ ಸಾಕು.

ಹಿರಿಯ: ಅವನ ಕಣ್ಣು ಮಾತ್ರ ಕೇಳಬ್ಯಾಡ. 2014ರ ಮೇ 31ಕ್ಕ ಅಮೆರಿಕದ ಕೊಲರಾಡೊದ ವಾಟ್ಕಿನ್ಸ್ ಬಲ್ಲಿ ಎರಡು ಸೀಟಿನ ಸೆಸ್ನಾ 150 ಬಿತ್ತು, ಪೈಲಟ್ ಮತ್ತ ಬಾಜು ಕೂತಾಂವ ಇಬ್ಬರೂ ಹೋದ್ರು. ರಾತ್ರಿ, ಕೆಳಗೇ ಹಾರಾಟ. ಒಳಗ ಸಿಕ್ಕ ಸಣ್ಣ ಕ್ಯಾಮೆರಾದಾಗ ಅದಕ್ಕಿಂತ ಹಿಂದಿನ ಹಾರಾಟಗಳ ಚಿತ್ರ ಇದ್ವು. ಏರುವ ಹೊತ್ತಿನ್ಯಾಗೂ ಫ್ಲಾಶ್ ಹಾಕಿ ಮೊಬೈಲಿನಿಂದ ಸೆಲ್ಫಿ. ದಿಕ್ಕು ತಪ್ಪಿ, ರೆಕ್ಕಿ ಗಾಳಿ ಹಿಡಿತ ಬಿಟ್ಟು ವಿಮಾನ ಬಿತ್ತು, ಅದಕ್ಕ ಮೊಬೈಲಿನಿಂದ ಗಮನ ಕೆಟ್ಟದ್ದೂ ಒಂದು ಕಾರಣ ಅಂತ ತನಿಖಾದವರು ಬರದ್ರು.

ಕಿರಿಯ: ರೆಕ್ಕಿ ಹಿಡಿತ ಬಿಡೋದು ಅಂದ್ರ?

ಹಿರಿಯ: ವಿಮಾನ ತೀರಾ ನಿಧಾನ ಆದ್ರ ರೆಕ್ಕಿ ಎತ್ತೋ ಬಲ ಕಳ್ಕೊಂತದ. ಅದಕ್ಕ ಸ್ಟಾಲ್ ಅಂತಾರ. ನಿನ್ನಂಥ ಕ್ಯಾಮೆರಾದವರಿಗೆ ಇದು ತಿಳಿದಿರ್ಲೇಬೇಕು. ಎತ್ತರ ಬಿಡದ 45 ಡಿಗ್ರಿ ವಾಲಿಸಿ ತಿರುಗಿದ್ರ, ಸ್ಟಾಲ್ ಆಗೋ ವೇಗ ನೂರಕ್ಕ 19ರಷ್ಟು ಏರ್ತದ. 60 ಡಿಗ್ರಿ ವಾಲಿಸಿದ್ರ ನೂರಕ್ಕ 41ರಷ್ಟು. ಅಂದ್ರ ನೆಟ್ಟಗ ಹೋಗುವಾಗ ಸಾಕಾಗಿದ್ದ ವೇಗ ತಿರುವಿನ್ಯಾಗ ಸಾಕಾಗಲ್ಲ. ನೀ ಹಿಂದಿನಿಂದ ‘ಗೋಪುರ ಫ್ರೇಮಿನ ನಡುವ ಬರ್ಲಿ, ಇನ್ನ ಬಿಗಿ ತಿರುಗ್ರಿ, ಇನ್ನ ನಿಧಾನ ಹೋಗ್ರಿ, ಇನ್ನ ಕೆಳಗ ಇಳಿರಿ’ ಅಂತಿ. ಈ ಮೂರೂ ಮಾತು ಒಟ್ಟಿಗೆ ಕೇಳಿದ್ರ ಪೈಲಟ್‌ನ ಕೈಯಾಗ ಏನೂ ಉಳಿಯಲ್ಲ.

ಕಿರಿಯ: ಹಂಗಾದ್ರ ಎಷ್ಟು ಎತ್ತರ?

ಹಿರಿಯ: ಊರು, ಜನ ಸೇರಿದ ಜಾಗದ ಮ್ಯಾಲ, ವಿಮಾನದಿಂದ 600 ಮೀಟರ್ ಒಳಗಿನ ಅತಿ ಎತ್ತರದ ವಸ್ತುವಿಗಿಂತ 300 ಮೀಟರ್ ಮ್ಯಾಲ. ಬಯಲಾಗ ನೆಲದಿಂದ 150 ಮೀಟರ್. ಇದು ಜಗತ್ತಿನ್ಯಾಗೆಲ್ಲಾ ಒಪ್ಪಿದ ಕನಿಷ್ಠ ಎತ್ತರ. ಎಂಜಿನ್ ನಿಂತ್ರ ತೊಗರಿ ಹೊಲ ಹುಡುಕಿ ಇಳಸ್ಲಿಕ್ಕೆ ಆ ಎತ್ತರದಾಗ ಒಂದಷ್ಟು ಹೊತ್ತು ಸಿಗ್ತದ. ಏರುವಾಗ ಇಳಿಯುವಾಗ ಆ ಹೊತ್ತು ಇರೋದೇ ಇಲ್ಲ. 2004ರ ಏಪ್ರಿಲ್ 17ಕ್ಕ ನಟಿ ಸೌಂದರ್ಯ ಹೊಂಟ ಸಣ್ಣ ಸೆಸ್ನಾ ಬೆಂಗಳೂರಿನ ಜಕ್ಕೂರಿನಿಂದ ಏರಿದ ಸ್ವಲ್ಪೇ ಹೊತ್ತಿಗೆ ಬಿತ್ತು. ಒಳಗಿದ್ದ ನಾಕೂ ಮಂದಿ ಹೋದ್ರು. ಅದರಾಗ ಕ್ಯಾಮೆರಾದ ಮಾತಿಲ್ಲ. ಆದ್ರ ನೆಲದ ಬಲ್ಲಿ ಸಣ್ಣ ವಿಮಾನಕ್ಕ ಎಷ್ಟು ಕಮ್ಮಿ ಹೊತ್ತು ಇರ್ತದ ಅಂತ ನಮ್ಮ ನಾಡಿಗೆ ಗೊತ್ತಾದ ದಿನ ಅದು. ಅದಕ್ಕ ಏರುವಾಗ ಇಳಿಯುವಾಗ ಪೈಲಟ್ ಸಂಗಟ ಮಾತು ಬ್ಯಾಡ, ಕ್ಯಾಮೆರಾ ಮಡಿಲಾಗ, ಬೆಲ್ಟು ಬಿಗಿ.

ಕಿರಿಯ: ಒಂದು ಮಾತು ಹೇಳ್ತೀನ್ರಿ. ತಾಸಿಗೆ ಇಷ್ಟು ಅಂತ ರೊಕ್ಕ ಸುರಿದಿರ್ತೀವಿ. ಮ್ಯಾಲ ಹೋದ ಮ್ಯಾಲ ಪೈಲಟ್ ‘ಗಾಳಿ ಜಾಸ್ತಿ ಆತು, ಹೊಳ್ಳಿ ಹೋಗೋಣು’ ಅಂದ್ರ ರೊಕ್ಕ ಕೊಟ್ಟ ಧಣಿಗೆ ನಾ ಏನು ಹೇಳ್ಲಿ? ‘ಸ್ವಲ್ಪ ಧೈರ್ಯ ಮಾಡ್ರಿ’ ಅನ್ನದ ಇರ್ಲಕ್ಕ ಆಗಲ್ಲ.

ಹಿರಿಯ: ನಾ ಇಷ್ಟೊತ್ತು ಹೇಳಿದ್ದಕ್ಕೆಲ್ಲಾ ಈ ಮಾತೇ ಬುಡ. 2016ರ ನವೆಂಬರ್ 7 ನೆನಪು ಮಾಡ್ಕೋ. ತಿಪ್ಪಗೊಂಡನಹಳ್ಳಿ ಜಲಾಶಯದಾಗ ‘ಮಾಸ್ತಿ ಗುಡಿ’ ಚಿತ್ರದ ಶೂಟಿಂಗು. ನಟರಾದ ದುನಿಯಾ ವಿಜಯ್, ಅನಿಲ್, ಉದಯ್ ಮೂವರೂ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ್ರು. ವಿಜಯ್ ಬದುಕಿದ್ರು. ಅನಿಲ್, ಉದಯ್ ಮೈಮ್ಯಾಲ ಲೈಫ್ ಜಾಕೆಟ್ ಇರ್ಲಿಲ್ಲ, ಎತ್ತಿಕೊಳ್ಳೋ ಬೋಟು ಹೊತ್ತಿಗೆ ಮುಟ್ಟಲಿಲ್ಲ, ಇಬ್ಬರೂ ಮುಳುಗಿದ್ರು. ಅವತ್ತು ಹಾರೋ ಮುಂಚೆ ಟಿವಿ ಮೈಕಿನ ಮುಂದ ತಮ್ಮ ಅಂಜಿಕಿ, ಈಜು ಅಷ್ಟಾಗಿ ಬರಲ್ಲ ಅನ್ನೋ ಮಾತು ಆಡಿದ್ರು. ಊರೆಲ್ಲಾ ಕೇಳಿತು. ‘ಇವತ್ತು ಬ್ಯಾಡ’ ಅನ್ನೋ ಅಧಿಕಾರ ಯಾರ ಕೈಯಾಗ ಅದ ಅಂತ ಮೊದಲೇ ನಿಕ್ಕಿ ಆಗಿದ್ರ, ಆ ಅಂಜಿಕಿ ಮಾತಿಗೆ ಬೆಲಿ ಬರ್ತಿತ್ತು.

ಕಿರಿಯ: ಆ ವಿಡಿಯೊ ನಾನೂ ನೋಡೀನಿ. ನೋಡಬಾರದಿತ್ತು ಅನಸ್ತದ.

ಹಿರಿಯ: ನಮ್ಮ ಮಠದ ತೇರು ನೋಡು. ಸಾವಿರಾರು ಕೈ ಹಗ್ಗ ಹಿಡಿದಿರ್ತಾವ, ಆದ್ರ ಗಾಲಿ ಬಲ್ಲಿ ಕಟ್ಟಿಗಿ ತುಂಡು ಕೊಡಾಂವ ‘ನಿಲ್ರಿ’ ಅಂದ್ರ ಎಲ್ಲರೂ ನಿಲ್ಲಬೇಕು. ಅವನಿಗೆ ಗಾಲಿ ಕಾಣ್ತದ, ಹಗ್ಗ ಹಿಡಿದವರಿಗೆ ಕಾಣಲ್ಲ. ವಿಮಾನದಾಗ ಪೈಲಟ್ ಹಂಗ. ನಿನ್ನ ಕಣ್ಣು ಫ್ರೇಮಿನೊಳಗ ಇರ್ತದ, ಅವನ ಕಣ್ಣು ಉಳಿದ ಎಲ್ಲದರ ಮ್ಯಾಲ. ‘ಸ್ವಲ್ಪ ಧೈರ್ಯ ಮಾಡ್ರಿ’ ಅನ್ನೋದು ವಿಮಾನದಾಗ ಆಡೋ ಮಾತಲ್ಲ. ಅದನ್ನ ಆಡಿದಾಂವ ಅವನ ತಲಿಯಾಗ ಇನ್ನೊಂದು ಭಾರ ಇಟ್ಟಂಗ.

ಕಿರಿಯ: ಆದ್ರ ಈಗಿನ ಮಂದಿ ಅಪಾಯ ಇದ್ದದ್ದನ್ನೇ ನೋಡ್ತಾರ ಕಾಕಾ. ಸುಮ್ಕ ಹಾರಿ ಇಳಿದ್ರ ಯಾರು ನೋಡ್ತಾರ?

ಹಿರಿಯ: ಅಮೆರಿಕದಾಗ ಒಬ್ಬ ಯೂಟ್ಯೂಬರ್, ಟ್ರೆವರ್ ಜೇಕಬ್, ಹಂಗೇ ಅಂದ್ಕೊಂಡಿದ್ದ. 2021ರ ನವೆಂಬರ್‌ನ್ಯಾಗ ತನ್ನ ಸಣ್ಣ ವಿಮಾನಕ್ಕ ಕ್ಯಾಮೆರಾ ಕಟ್ಟಿ, ಬೆನ್ನಿಗೆ ಪ್ಯಾರಾಶೂಟ್ ಹಾಕ್ಕೊಂಡು ಹಾರಿದ, ಕಾಡಿನ ಮ್ಯಾಲ ಜಿಗಿದ, ವಿಮಾನ ಗುಡ್ಡಕ್ಕ ಬಿತ್ತು. ಎಂಜಿನ್ ಕೆಟ್ಟಂಗ ವಿಡಿಯೊ ಹಾಕಿದ. ಒಂದು ಕಂಪನಿ ಸಾಮಾನಿನ ಪ್ರಚಾರಕ್ಕ ಅಂತ ಅದು. ಅಲ್ಲಿಯ ವಿಮಾನಯಾನ ಇಲಾಖೆ 2022ರಾಗ ಅವನ ಲೈಸೆನ್ಸ್ ಕಿತ್ಕೊಂತು. ಅವಶೇಷ ನಾಶ ಮಾಡಿ ತನಿಖಾಕ್ಕ ಅಡ್ಡಿ ಮಾಡಿದ್ದಕ್ಕ 2023ರ ಡಿಸೆಂಬರ್‌ನ್ಯಾಗ ಆರು ತಿಂಗಳ ಜೈಲು ಆತು. ಲಕ್ಷಾಂತರ ಮಂದಿ ನೋಡಿದ್ರು. ಆ ನೋಟದಿಂದ ಅವನಿಗೆ ಏನು ಉಳಿತು?

ಕಿರಿಯ: ನಾ ಅಂಥದ್ದು ಮಾಡಾಂವ ಅಲ್ರಿ.

ಹಿರಿಯ: ಅಲ್ಲ ಅಂತ ಗೊತ್ತು. ಆದ್ರ ‘ನೋಡೋರಿಗೆ ಝುಂ ಅನಬೇಕು’ ಅನ್ನೋ ಆಸೆ ಸಣ್ಣದಾಗೇ ಶುರು ಆಗ್ತದ. ಮಲಗಿದ ಬುದ್ಧನ ಬೆಟ್ಟ ಸಾವಿರಾರು ವರ್ಷದಿಂದ ಅಲ್ಲೇ ಮಲಗ್ಯಾದ. ಅದನ್ನ ತೋರಸ್ಲಿಕ್ಕೆ ಬೆಳಗಿನ ಬೆಳಕು, ತಾಳ್ಮಿ, ನೆಟ್ಟಗ ಒಂದು ಹಾರಾಟ ಸಾಕು. ನಮ್ಮ ನೆಲದ ಚಂದಕ್ಕ ಯಾರ ಜೀವನೂ ಒತ್ತೆ ಇಡಬೇಕಾಗಿಲ್ಲ.

ಕಿರಿಯ: ಒಪ್ಪಿದೆ. ಈಗ ಧಣಿಗೆ ಹೇಳೋ ಮಾತು ಹೇಳಿಕೊಡ್ರಿ.

ಹಿರಿಯ: ಮುಂಗಡ ತಗೊಳ್ಳೋ ಮುಂಚೆ ಕಾಗದದ ಮ್ಯಾಲ ಬರಿ. ಒಂದು, ಪರವಾನಗಿ ಇದ್ದ ಕಂಪನಿ, ವಾಣಿಜ್ಯ ಲೈಸೆನ್ಸಿನ ಪೈಲಟ್, ಕೈಗೆ ಬಂದ ಅನುಮತಿ, ಈ ಮೂರೂ ಇಲ್ಲದ ಹಾರಾಟ ಇಲ್ಲ. ಎರಡು, ಪೈಲಟ್ ‘ಬ್ಯಾಡ’ ಅಂದ್ರ ಶಾಟ್ ಅಲ್ಲಿಗೇ ಮುಗಿತು, ಕಾರಣ ನೆಲಕ್ಕ ಇಳಿದ ಮ್ಯಾಲ ಕೇಳೋದು. ಮೂರು, ಹವಾ ಕೆಟ್ರ ಇನ್ನೊಂದು ದಿನ ಹಾರ್ಲಿಕ್ಕೆ ಬಜೆಟ್ಟಿನ್ಯಾಗ ಮೊದಲೇ ರೊಕ್ಕ ತೆಗೆದಿಡಬೇಕು. ಈ ಮೂರನೇದು ಇಲ್ಲದಿದ್ರ ಎರಡನೇದು ನಡಿಯಲ್ಲ. ಇನ್ನೊಂದು ದಿನ ಅದ ಅಂತ ಗೊತ್ತಿದ್ದಾಂವ ಮಾತ್ರ ಇವತ್ತು ಸಮಾಧಾನದಿಂದ ಹೊಳ್ಳಿ ಬರ್ತಾನ.

ಕಿರಿಯ: ಆ ಇನ್ನೊಂದು ದಿನದ ಖರ್ಚು ಧಣಿ ಒಪ್ಪದಿದ್ರ?

ಹಿರಿಯ: ಆಗ ಡ್ರೋನಿಗೆ ಸಿಗೋ ಶಾಟುಗಳಷ್ಟೇ ಮಾಡಿ ಚಿತ್ರ ಮುಗಿಸು. ವಿಮಾನದ ಶಾಟ್ ಇಲ್ಲದ ಚಿತ್ರ ಸೋತಂಗಲ್ಲ.

ಕಿರಿಯ: ದೋಸ್ತನಿಗೆ ಇವತ್ತೇ ಫೋನ್ ಹಚ್ಚಿ ಬರಲ್ಲ ಅಂತೀನಿ. ಧಣಿಗೆ ಕಳಸೋ ಅಂದಾಜು ಪಟ್ಟಿಯಾಗ ಎರಡು ದಿನದ ಹಾರಾಟ ಹಾಕ್ತೀನಿ. ಶಾಟಿನ ಪಟ್ಟಿ ಬರದು ತರ್ತೀನಿ, ನೀವೊಮ್ಮೆ ನೋಡ್ರಿ.

ಹಿರಿಯ: ತಗೊಂಡ್ ಬಾ. ಸಾಮಾನಿನ ಪಟ್ಟಿನೂ ತರು, ಲೆನ್ಸ್ ಮುಚ್ಚಳನೂ ಅದರಾಗ ಎಣಿಸಿರಬೇಕು.